ಮೂರು ಕಣ್ಣಿನ ತಾತ

“ದಾರಿ ತಪ್ಪಿಬಿಡ್ತು ತಾತ. ಹೊನ್ನವಳ್ಳಿಗೆ ಹೆಂಗೆ ಹೋಗೋದು?”

ಬೈಕಿನ ಮೇಲೆ ಕೂತಿದ್ದ ಹುಡುಗ ಕೇಳಿದ. ಅವನ ಹಿಂದೆ ಕೂತಿದ್ದವನು ಆಗಲೇ ಇಳಿದು ಒಂದು ತೆಂಗಿನ ಮರದ ಬುಡಕ್ಕೆ ಹೋಗಿ ನಿಂತಿದ್ದ. ಅದೂ ಯಾವ ಮರ? ಕಾಯಿ ಕೆಡವುವ ಬೆಟ್ಟಸ್ವಾಮಿ ಕುಡುಗೋಲು ಹಿಡಿದು ತುದಿಯಲ್ಲಿ ಕೂತಿದ್ದ ಮರ!

ಬೇಲಿಯ ಹತ್ತಿರ ನಿಂತಿದ್ದ ಅನಿತಾ ಹುಬ್ಬು ಗಂಟಿಕ್ಕಿದಳು. ಹೊನ್ನವಳ್ಳಿಗೆ ಹೋಗುವವರು ಟಾರು ರಸ್ತೆ ಬಿಟ್ಟು, ಕಾಲುದಾರಿ ಹಿಡಿದು, ಗೇಟು ತೆಗೆದುಕೊಂಡು, ಯಾರದೋ ತೋಟದ ನಟ್ಟನಡುವಿಗೆ ಬರುತ್ತಾರಾ? ಬೈಕಿನವನ ಅಂಗಿ ಜೇಬಿನಲ್ಲಿ ಫೋನು ನೆಟ್ಟಗೆ ನಿಂತಿತ್ತು. ಅದರ ಕ್ಯಾಮೆರಾ ಮಾತ್ರ ಜೇಬಿನಿಂದ ಹೊರಗೆ ಇಣುಕುತ್ತಿತ್ತು.

ಅಷ್ಟರಲ್ಲಿ ತಾತ ಶುರು ಮಾಡಿಬಿಟ್ಟ.

“ಲೇ ಎಳನೀರು ಬುರುಡೆ! ಈಚೆಗೆ ಬಾರ್ಲಾ! ತಲೆ ಒಳಗೆ ನೀರೂ ಇಲ್ವಾ, ಗಂಜೀನೂ ಇಲ್ವಾ? ಮೇಲೆ ಆಳು ಕುಂತವ್ನೆ, ಕಾಣ್ಸಾಕಿಲ್ವಾ? ಕಾಯಿಗೆ ಮೂರು ಕಣ್ಣೈತೆ ಕಣ್ಲಾ, ಕುಡುಗೋಲಿಗೆ ಒಂದೂ ಇಲ್ಲ!”

ಬೈಸಿಕೊಂಡವರ ಮುಖ ಸಾಮಾನ್ಯವಾಗಿ ಚಿಕ್ಕದಾಗುತ್ತದೆ. ಮರದ ಬುಡದಲ್ಲಿದ್ದ ಹುಡುಗ ಮಾತ್ರ ಹಲ್ಲೆಲ್ಲ ಕಾಣುವ ಹಾಗೆ ನಕ್ಕ. “ಥ್ಯಾಂಕ್ಸ್ ತಾತ!” ಎಂದು ಓಡಿಹೋಗಿ ಬೈಕ್ ಹತ್ತಿದ. ಇಬ್ಬರೂ ಬುರ್‍ರೆಂದು ಹೊರಟರು. ಹೊನ್ನವಳ್ಳಿಯ ದಾರಿಯನ್ನು ಮತ್ತೆ ಕೇಳಲೇ ಇಲ್ಲ.

“ತಾತ, ಅವ್ರು ದಾರಿ ತಪ್ಪಿ ಬಂದೋರಲ್ಲ. ವಿಡಿಯೋ ಮಾಡಾಕೆ ಬಂದಿದ್ರು,” ಎಂದಳು ಅನಿತಾ.

“ಹೋಗ್ಲಿ ಬುಡು ಮಗ,” ಎಂದ ತಾತ. ಮೀಸೆಯ ಅಡಿಯಲ್ಲಿ ಒಂದು ಸಣ್ಣ ನಗು ಬಂದು ಹೋಯಿತು. ಅನಿತಾ ಅದನ್ನೂ ನೋಡಿದಳು.

ಬಿಳಿಗೆರೆಯಲ್ಲಿ ಶ್ರೀರಂಗಯ್ಯನ ಗಂಟಲು ಎಂದರೆ ಯಾರಿಗೂ ಪರಿಚಯ ಬೇಕಿರಲಿಲ್ಲ. ಅನಿತಾಳ ತಾತ ಕೂಗಿದರೆ ಆಚೆ ತೋಟದ ದನ ಈಚೆಗೆ ತಿರುಗಿ ನೋಡುತ್ತಿದ್ದವು. ಕಾಯಿ ಕೆಡವುವ ದಿನ ಆ ಗಂಟಲಿಗೆ ಭಾರೀ ಕೆಲಸ.

ಏಕೆಂದರೆ ಮರದ ತುದಿಯಲ್ಲಿ ಕೂತವನಿಗೆ ಗರಿಗಳು ಅಡ್ಡ ಬಂದು ಕೆಳಗೆ ಏನಿದೆ ಎಂದು ಕಾಣುವುದಿಲ್ಲ. ಅದಕ್ಕೇ ಬೆಟ್ಟಸ್ವಾಮಿ ಪ್ರತಿ ಗೊನೆ ಕಡಿಯುವ ಮೊದಲು ಮೇಲಿನಿಂದ ಕೂಗುತ್ತಾನೆ: “ಬುಡ್ಲಾ ಅಣ್ಣೋ?” ತಾತ ಕೆಳಗೆಲ್ಲ ಕಣ್ಣಾಡಿಸುತ್ತಾನೆ. ಆಡು, ಕರು, ಮಕ್ಕಳು, ಯಾರೂ ಇಲ್ಲ ಅಂತಾದಮೇಲೆ “ಬುಡೂ!” ಎನ್ನುತ್ತಾನೆ. ಆಮೇಲೆಯೇ ಕುಡುಗೋಲು ಆಡುವುದು. ತಾತನ ಬಾಯಿಂದ ‘ಬುಡು’ ಬರದೆ ಈ ತೋಟದಲ್ಲಿ ಒಂದು ಕಾಯಿಯೂ ಕೆಳಗೆ ಬಿದ್ದಿಲ್ಲ.

ಮರದ ಕೆಳಗೆ ಯಾರಾದರೂ ಕಾಲಿಟ್ಟರೆ ಮುಗಿಯಿತು. ತಾತ ಬೈಯುವುದಕ್ಕೆ ದೊಡ್ಡವರು, ಚಿಕ್ಕವರು, ನೆಂಟರು ಎಂಬ ಭೇದವಿರಲಿಲ್ಲ. ಒಮ್ಮೆ ಬೀಗರನ್ನೇ ಎಳನೀರು ಬುರುಡೆ ಎಂದಿದ್ದ.

ಹೋದ ದಸರಾ ರಜೆಯಲ್ಲಿ ಬೀಜ ಮಾರಲು ಬಂದಿದ್ದ ಒಬ್ಬ, ಫೋನಿನಲ್ಲಿ ಮಾತಾಡುತ್ತಾ ಮರದ ಕೆಳಗೆ ಬಂದುಬಿಟ್ಟಿದ್ದ. “ತೆಂಗಿನಕಾಯಿಗೆ ಮೂರು ಕಣ್ಣಿದೆ ಯಜಮಾನ್ರೇ, ಅದು ಯಾರ ತಲೆ ಮೇಲೂ ಬೀಳಲ್ಲ,” ಎಂದು ಬೇರೆ ಹೇಳಿದ. ಅವತ್ತು ತಾತ ಕೊಟ್ಟ ಉತ್ತರವೇ ‘ಕುಡುಗೋಲಿಗೆ ಒಂದೂ ಇಲ್ಲ’. ಪಕ್ಕದಲ್ಲೇ ಇದ್ದ ರವೀಂದ್ರ ಚಿಕ್ಕಪ್ಪ ಅದನ್ನು ವಿಡಿಯೋ ಮಾಡಿ, ಹಿಂದೆ ತಮಟೆ ಸದ್ದು ಸೇರಿಸಿ, ಇಂಟರ್‌ನೆಟ್ಟಿಗೆ ಹಾಕಿದ. ಚಿಕ್ಕಪ್ಪ ತಿಪಟೂರಿನ ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡುವವನು. ಅವನಿಗೆ ಇಂಥದ್ದೆಲ್ಲ ನೀರು ಕುಡಿದಷ್ಟು ಸುಲಭ.

ಹಬ್ಬ ಮುಗಿಯುವುದರೊಳಗೆ ಶ್ರೀರಂಗಯ್ಯ ಹೋಗಿ ‘ಮೂರು ಕಣ್ಣಿನ ತಾತ’ ಆಗಿಬಿಟ್ಟಿದ್ದ.

ಬಸ್ಸಿನ ಕಂಡಕ್ಟರ್ ತಾತನನ್ನು ಕಂಡರೆ ಸೀಟು ಬಿಡಿಸಿ ಕೊಡುತ್ತಿದ್ದ. ಒಂದು ಆಟೋದ ಹಿಂದೆ ‘ಮೂರು ಕಣ್ಣೈತೆ ಕಣ್ಲಾ’ ಎಂದು ಸ್ಟಿಕ್ಕರ್ ಬಂತು. ಚಿಕ್ಕಪ್ಪನ ಅಂಗಡಿಯ ಹೊಸ ಬ್ರಾಂಚಿಗೆ ತಾತನೇ ಟೇಪು ಕತ್ತರಿಸಿದ. ಅವತ್ತು ಅಂಗಡಿಯವರು ಕೊಟ್ಟ ಕೂಲಿಂಗ್ ಗ್ಲಾಸನ್ನು ತಾತ ಮನೆಗೆ ಬಂದಮೇಲೂ ತೆಗೆಯಲಿಲ್ಲ. ಕೊಟ್ಟಿಗೆಯಲ್ಲಿ ಹಸು ಗುರುತು ಹಿಡಿಯದೆ ಹಿಂದೆ ಸರಿಯಿತು ಎಂದು ಅಜ್ಜಿ ಚಿಕ್ಕಗೌರಮ್ಮ ಊರಿಗೆಲ್ಲ ಹೇಳಿ ನಕ್ಕಳು.

ಮೊದಮೊದಲು ಅನಿತಾಗೂ ಖುಷಿಯಾಗಿತ್ತು. ಸ್ಕೂಲಲ್ಲಿ ಎಲ್ಲರೂ ಅವಳ ಪಕ್ಕ ಕೂರಲು ಜಗಳ ಆಡುತ್ತಿದ್ದರು. ಆಮೇಲಾಮೇಲೆ ಬೇಜಾರು ಶುರುವಾಯಿತು. ಗಣಿತದಲ್ಲಿ ಒಂದು ಲೆಕ್ಕ ತಪ್ಪಿದರೂ ಹಿಂದಿನ ಬೆಂಚಿನಿಂದ “ಇವ್ಳ ತಾತಂಗೆ ಮೂರು ಕಣ್ಣು, ಇವ್ಳಿಗೆ ಒಂದೂ ಇಲ್ಲ!” ಎಂದು ಕೂಗುತ್ತಿದ್ದರು. ಸರ್ ಕೂಡ ನಗು ತಡೆಯುತ್ತಿರಲಿಲ್ಲ.

ಈಗ ಅವಳನ್ನು ಕೊರೆಯುತ್ತಿದ್ದುದು ಬೇರೆಯೇ ವಿಷಯ. ಕಾಯಿ ಕೆಡವುವ ದಿನವೇ ಈ ದಾರಿ ತಪ್ಪಿದವರು ಹೇಗೆ ಬರುತ್ತಾರೆ? ಬೆಟ್ಟಸ್ವಾಮಿಗೆ ಯಾವತ್ತು ಬಿಡುವು ಅಂತ ಬೆಟ್ಟಸ್ವಾಮಿಗೇ ಗೊತ್ತಿರುವುದಿಲ್ಲ. ಹಿಂದಿನ ದಿನ ಸಂಜೆ ಬಂದು ಜಗಲಿಯ ಮೇಲೆ ಕೂತು “ನಾಳೆ ಬತ್ತೀನಿ ಅಣ್ಣ” ಅನ್ನುತ್ತಾನೆ. ಬೆಳಗಾದರೆ ಬೈಕು, ಕಾರು ಬಂದು ನಿಂತಿರುತ್ತವೆ!

ಮನೆಯ ಸುದ್ದಿ ಯಾರೋ ಹೊರಗೆ ಹೇಳುತ್ತಿದ್ದಾರೆ.

ಮೊದಲ ಅನುಮಾನ ಚಿಕ್ಕಪ್ಪನ ಮೇಲೆ ಬಂತು.

“ನಾನಲ್ಲ ಕಣೇ, ಅಮ್ಮನಾಣೆ!” ಎಂದ ಚಿಕ್ಕಪ್ಪ. “ನಾನ್ ಹಾಕಿದ್ದು ಒಂದೇ ವಿಡಿಯೋ. ಈಗ ಊರೋರೆಲ್ಲ ಹಾಕ್ತಾವ್ರೆ, ನಂದನ್ನ ಯಾರೂ ನೋಡ್ತಾನೇ ಇಲ್ಲ.” ಅವನ ಮುಖ ನೋಡಿದರೆ ನಿಜಕ್ಕೂ ಹೊಟ್ಟೆ ಉರಿದುಕೊಂಡವನ ಹಾಗೆ ಇತ್ತು. ಹಾಗಾಗಿ ಅನಿತಾ ಅವನನ್ನು ಬಿಟ್ಟಳು.

ಹಾಗಾದರೆ ವರ್ಷಿಣಿ! ಪಕ್ಕದ ಮನೆಯವಳು. ಒಂದೇ ಕ್ಲಾಸು, ಒಂದೇ ಬೆಂಚು. ಸಂಜೆ ಹೊತ್ತು ಇವರ ಜಗಲಿಯ ಮೇಲೇ ಹೋಂವರ್ಕ್ ಮಾಡುವವಳು. ಬೆಟ್ಟಸ್ವಾಮಿ ಹೇಳುವುದನ್ನೆಲ್ಲ ಕೇಳಿಸಿಕೊಳ್ಳುವವಳು.

ಮರುದಿನ ಬಿಸಿಯೂಟಕ್ಕೆ ಕೂತಾಗ ಅನಿತಾ ನೇರವಾಗಿ ಕೇಳಿಯೇಬಿಟ್ಟಳು. “ಕಾಯಿ ಕೆಡವೋ ದಿನ ಯಾವುದು ಅಂತ ನೀನೇ ಹೇಳ್ತೀಯ ಅಲ್ವಾ?”

“ಯಾರಿಗೆ?”

“ಆ ವಿಡಿಯೋದೋರಿಗೆ.”

ವರ್ಷಿಣಿಯ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು. “ನನ್ನತ್ರ ಫೋನೇ ಇಲ್ವಲ್ಲೇ.”

“ನಿಮ್ಮಮ್ಮಂದು ಐತಲ್ಲ.”

ವರ್ಷಿಣಿಯ ಕಣ್ಣು ತುಂಬಿಬಂತು. “ಈಗ ನೀನು ದೊಡ್ಡ ಸ್ಟಾರ್ ಮೊಮ್ಮಗಳು. ನಾವೆಲ್ಲ ನಿನ್ ಕಣ್ಣಿಗೆ ಕಳ್ಳರ ಥರ ಕಾಣ್ತೀವಿ,” ಎಂದವಳೇ ತಟ್ಟೆ ಎತ್ತಿಕೊಂಡು ಬೇರೆ ಸಾಲಿಗೆ ಹೋಗಿ ಕೂತಳು. ಸಂಜೆ ಜಗಲಿಗೂ ಬರಲಿಲ್ಲ.

ಕಳ್ಳಿಯಲ್ಲದಿದ್ದರೆ ಅಷ್ಟು ಕೋಪ ಏಕೆ ಬರಬೇಕು, ಎಂದುಕೊಂಡಳು ಅನಿತಾ. ಆದರೆ ಹಾಗೆ ಅಂದುಕೊಂಡಾಗ ಅವಳಿಗೆ ಒಂದು ಚೂರೂ ಸಮಾಧಾನವಾಗಲಿಲ್ಲ.

ಎರಡು ತಿಂಗಳು ಕಳೆದು ಮತ್ತೆ ಕಾಯಿ ಬಲಿತವು. ಒಂದು ಶನಿವಾರ ಸಂಜೆ ಬೆಟ್ಟಸ್ವಾಮಿ ಬಂದು, “ನಾಳೆ ಕೆಳಗಲ ತೋಟ ಮುಗಿಸ್ಬುಡನ ಅಣ್ಣ,” ಎಂದು ಹೇಳಿ ಹೋದ. ಅನಿತಾ ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದು ಒಬ್ಬೊಬ್ಬರನ್ನೇ ಗಮನಿಸಿದಳು. ಅಪ್ಪ ಪಂಪ್‌ಸೆಟ್ ಆರಿಸಲು ಹೋದ. ಅಮ್ಮ ಮುದ್ದೆಗೆ ಎಸರಿಟ್ಟಳು. ಅಜ್ಜಿ ಹೂ ಕಟ್ಟುತ್ತಿದ್ದಳು. ಚಿಕ್ಕಪ್ಪ ಇನ್ನೂ ತಿಪಟೂರಿನಿಂದ ಬಂದಿರಲಿಲ್ಲ. ವರ್ಷಿಣಿಯ ಮನೆಯ ಬಾಗಿಲು ಮುಚ್ಚಿತ್ತು.

ತಾತ ಎದ್ದು, ಅತ್ತಿತ್ತ ನೋಡಿ, ಕೊಟ್ಟಿಗೆಯ ಕಡೆ ಹೊರಟ. ಹಸುವಿಗೆ ಹುಲ್ಲು ಹಾಕಿ ಆಗಿತ್ತು. ಮತ್ತೆ ಅಲ್ಲೇನು ಕೆಲಸ?

ಅನಿತಾ ಸದ್ದಿಲ್ಲದೆ ಹಿಂದೆಯೇ ಹೋಗಿ ತೆಂಗಿನ ಸಿಪ್ಪೆಯ ರಾಶಿಯ ಮರೆಯಲ್ಲಿ ಕೂತಳು.

“ಹ್ಞೂ ಸಾ, ನಾನೇ,” ತಾತನ ದನಿ ಕೇಳಿಸಿತು. ಕಿವಿಗೆ ಫೋನಿತ್ತು. “ನಾಳೆ ಒಂಬತ್ತಕ್ಕೆ ಬನ್ನಿ. ಬಿಸ್ಲು ಎದ್ರುಗಡೆಯಿಂದ ಬತ್ತದೆ, ಚೆನ್ನಾಗ್ ಕಾಣ್ತದೆ. ನಿಮ್ಮಲ್ಲಿ ಯಾರಾದ್ರೂ ಒಬ್ರು ಮರದ ಕೆಳಗೆ ನಿಂತ್ಕಳಿ. ನಾನ್ ಬಂದು ಬೈತೀನಿ. ಏನೂ ಭಯ ಬ್ಯಾಡಿ, ನಾನ್ ‘ಬುಡು’ ಅನ್ನೋಗಂಟ ಬೆಟ್ಟಸ್ವಾಮಿ ಕಡಿಯಾಕಿಲ್ಲ.”

ಅನಿತಾ ತನ್ನ ಬಾಯಿಯನ್ನು ತಾನೇ ಮುಚ್ಚಿಕೊಂಡಳು.

ತಾತ ಫೋನನ್ನು ಜೇಬಿಗಿಟ್ಟ. ಮೀಸೆ ತೀಡಿಕೊಂಡ. ಆಮೇಲೆ ಹಸುವಿನ ಎದುರು ನಿಂತು, ಕೈ ಎತ್ತಿ, “ಲೇ ಎಳನೀರು ಬುರುಡೆ!” ಎಂದ. ಸರಿ ಬರಲಿಲ್ಲ ಅನಿಸಿತೋ ಏನೋ, ಕೆಮ್ಮಿ ಗಂಟಲು ಸರಿಮಾಡಿಕೊಂಡು ಇನ್ನೊಮ್ಮೆ ಹೇಳಿದ. “ಕುಡುಗೋಲಿಗೆ...” ಎಂದು ಸ್ವಲ್ಪ ಹೊತ್ತು ತಡೆದು, “ಒಂದೂ ಇಲ್ಲ!” ಎಂದ. ಹಸು ತನ್ನ ಪಾಡಿಗೆ ಮೆಲುಕು ಹಾಕುತ್ತಿತ್ತು.

ಬೇರೆ ದಿನವಾಗಿದ್ದರೆ ಅನಿತಾ ಬಿದ್ದು ಬಿದ್ದು ನಗುತ್ತಿದ್ದಳು. ಈಗ ಅಳು ಬಂತು. ಪಾಪ, ವರ್ಷಿಣಿ ಏನೂ ಮಾಡಿರಲಿಲ್ಲ. ಚಿಕ್ಕಪ್ಪನೂ ಮಾಡಿರಲಿಲ್ಲ. ಎಲ್ಲ ತಾತನದೇ ನಾಟಕ!

ಅವಳಿಗೆ ಹೋದ ಮಳೆಗಾಲದ ಒಂದು ದಿನ ನೆನಪಾಯಿತು. ಒದ್ದೆ ಕೈಯಲ್ಲಿ ಪಂಪ್‌ಸೆಟ್ಟಿನ ಸ್ವಿಚ್ ಒತ್ತಲು ಹೋಗಿದ್ದಳು. ತಾತ ದೂರದಿಂದಲೇ ಗುಡುಗಿದ್ದ. ಹತ್ತಿರ ಬಂದು ಬೈದಿದ್ದಕ್ಕೆ ಲೆಕ್ಕವೇ ಇಲ್ಲ. ಬೈದು ಬೈದು, ಆಮೇಲೆ ಅವಳನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡಿದ್ದ. ಟವೆಲಿನಿಂದ ಅವಳ ಕೈ ಮತ್ತೆ ಮತ್ತೆ ಒರೆಸಿದ್ದ. ಅದಾದರೂ ನಿಜವಾ? ಅದೂ ಹೀಗೇನಾ?

ಊಟದ ಹೊತ್ತಿನಲ್ಲಿ ತಾತ, “ಲೇ ಅನಿ, ಸಾರು ಸುಡ್ತಾ ಐತೆ, ಹುಷಾರು!” ಎಂದು ಜೋರಾಗಿ ಹೇಳಿದ. ಅನಿತಾ ಸಾರನ್ನು ನೋಡಲಿಲ್ಲ. ಕಿಟಕಿಯಲ್ಲಿ ಎಲ್ಲಾದರೂ ಫೋನು ಇಟ್ಟಿದೆಯಾ ಎಂದು ನೋಡಿದಳು.

ಭಾನುವಾರ ಒಂಬತ್ತು ಗಂಟೆಗೆ ಸರಿಯಾಗಿ ಕಾರು ಬಂತು. ಮೂವರು ಇಳಿದರು. ಒಬ್ಬನ ಕೈಯಲ್ಲಿ ಕೋಲಿಗೆ ಸಿಕ್ಕಿಸಿದ ಫೋನು, ಇನ್ನೊಬ್ಬನ ತಲೆಯ ಮೇಲೆ ಕೆಂಪು ಟೋಪಿ. ಮೂರನೆಯವನು ಹೇಳಿಕೊಟ್ಟ ಹಾಗೆ ಮರದ ಕೆಳಗೆ ಹೋಗಿ ನಿಂತ. ತಾತ ಕೂಲಿಂಗ್ ಗ್ಲಾಸ್ ಹಾಕಿಕೊಂಡು ಬಂದು ಬೈದ. ಸಾಲದೆಂದು ಇನ್ನೊಮ್ಮೆ ಬೈದ. ಬೆಟ್ಟಸ್ವಾಮಿ ಮರದ ಮೇಲೆ ಸುಮ್ಮನೆ ಕೂತು ಬೀಡಿ ಹಚ್ಚಿದ. ತಾತ ‘ಬುಡು’ ಎನ್ನದೆ ಅವನಿಗೆ ಕೆಲಸವಿಲ್ಲವಲ್ಲ.

ಅನಿತಾಗೆ ನೋಡಲಾಗಲಿಲ್ಲ. ಅವಳು ದೂರ ಹೋದಳು.

ತೋಟದ ಇನ್ನೊಂದು ತುದಿಯಲ್ಲಿ ವರ್ಷಿಣಿ ಕಂಡಳು. ಉದುರಿ ಬಿದ್ದ ಎಳೆ ಹರಳುಗಳನ್ನು ಬುಟ್ಟಿಗೆ ತುಂಬುತ್ತಿದ್ದಳು. ಆ ಪುಟ್ಟ ಪುಟ್ಟ ಕಾಯಿಗಳಿಗೆ ಕಡ್ಡಿ ಚುಚ್ಚಿ ಗಾಡಿ ಮಾಡುವುದೆಂದರೆ ಇಬ್ಬರಿಗೂ ಪ್ರಾಣ. ಅನಿತಾಳನ್ನು ನೋಡಿ ಅವಳು ಬೆನ್ನು ತಿರುಗಿಸಿದಳು.

ಸಾರಿ ಹೇಳಬೇಕು. ಆದರೆ ಬರಿಗೈಯಲ್ಲಿ ಹೋಗಿ ಹೇಳುವುದು ಕಷ್ಟ. ಅನಿತಾ ತಾನೂ ಬಗ್ಗಿ ಹರಳು ಆರಿಸತೊಡಗಿದಳು. ಒಳ್ಳೊಳ್ಳೆಯದನ್ನು ಆರಿಸಿ ಮಡಿಲಿಗೆ ಹಾಕಿಕೊಂಡು, ಒಂದು ಮರದಿಂದ ಇನ್ನೊಂದು ಮರಕ್ಕೆ ಹೋದಳು. ಬೆಟ್ಟಸ್ವಾಮಿ ಆ ಮರ ಮುಗಿಸಿ, ಇಳಿದು, ಇನ್ನೊಂದು ಹತ್ತಿದ್ದು ಅವಳಿಗೆ ಗೊತ್ತಾಗಲಿಲ್ಲ.

ಇತ್ತ ಕೆಂಪು ಟೋಪಿಯವನು ತನ್ನ ವಿದ್ಯೆ ತೋರಿಸುತ್ತಿದ್ದ. ಅವನು ಮಿಮಿಕ್ರಿ ಮಾಡುವವನು. “ಲೇ ಎಳನೀರು ಬುರುಡೆ!” ಎಂದ. ಥೇಟ್ ತಾತನದೇ ದನಿ! ಬುತ್ತಿ ತಂದಿದ್ದ ಅಜ್ಜಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ತಾತ ತೊಡೆ ತಟ್ಟಿದ. “ನನ್ ಗಂಟ್ಲನ್ನೇ ಕದ್ದುಬುಟ್ಟವ್ನಲ್ಲೋ ಇವ್ನು!”

ಅದೇ ಹೊತ್ತಿಗೆ ಮೇಲಿನಿಂದ ಬೆಟ್ಟಸ್ವಾಮಿ ಕೂಗಿದ. “ಬುಡ್ಲಾ ಅಣ್ಣೋ?”

ಟೋಪಿಯವನು ಬೆಳಗಿನಿಂದ ಅದಕ್ಕೆ ತಾತ ಕೊಡುವ ಉತ್ತರವನ್ನೂ ಕೇಳಿಸಿಕೊಂಡಿದ್ದ. ಅದೂ ತಾತನ ಒಂದು ಡೈಲಾಗು ಎಂದುಕೊಂಡಿದ್ದ. ನಗುತ್ತಲೇ, ತಾತನ ದನಿಯಲ್ಲೇ ಹೇಳಿದ. “ಬುಡೂ!”

ತಾತನ ನಗು ಅಲ್ಲಿಗೇ ನಿಂತಿತು. ತಿರುಗಿ ನೋಡಿದ. ಬೆಟ್ಟಸ್ವಾಮಿ ಇದ್ದ ಮರದ ಬುಡದಲ್ಲೇ ಅನಿತಾ ಬಗ್ಗಿ ನಿಂತಿದ್ದಳು.

“ಅನೀ! ಬಾ ಈಚೆಗೆ! ಓಡು! ಬೆಟ್ಟಸ್ವಾಮೀ, ತಡಿಯೋ!”

ಅನಿತಾ ತಲೆ ಎತ್ತಿದಳು. ತಾತ ಕೂಗುತ್ತಿದ್ದ. ಅವಳ ಕಣ್ಣು ತಾತನ ಮೇಲೆ ನಿಲ್ಲಲಿಲ್ಲ. ಆಚೆ ಈಚೆ ಹುಡುಕಿತು. ಇತ್ತು! ತಾತನ ಹಿಂದೆ, ಕೋಲಿನ ತುದಿಯಲ್ಲಿ ಫೋನು. ಅದು ತನ್ನ ಕಡೆಗೇ ತಿರುಗಿತ್ತು.

ಓಹೋ! ಇವತ್ತು ಮರದ ಕೆಳಗೆ ನಿಲ್ಲುವ ಪಾರ್ಟು ನನ್ನದು. ನನ್ನನ್ನು ಒಂದು ಮಾತು ಕೇಳಲೂ ಇಲ್ಲ! ಅವಳಿಗೆ ಸಿಟ್ಟು ನೆತ್ತಿಗೇರಿತು. ಕಾಲು ಊರಿ ನಿಂತಳು.

“ನಾನ್ ಬರಲ್ಲ! ನಿನ್ ನಾಟ್ಕ ನಂಗೊತ್ತು ತಾತ!”

ಕಾರಿನವರು ಘೊಳ್ಳೆಂದು ನಕ್ಕರು. ಆ ನಗುವಿನಲ್ಲಿ ‘ತಡಿಯೋ’ ಎಂಬ ಮಾತು ಮರದ ತುದಿ ಮುಟ್ಟಲಿಲ್ಲ. ಮೇಲೆ ಕುಡುಗೋಲು ಕಚ್ ಎಂದು ಒಂದು ಪೆಟ್ಟು ಹಾಕಿತು.

ಆಗ ತಾತ ಓಡಿದ. ಮಂಡಿನೋವಿನ ತಾತ ಓಡಿದ್ದನ್ನು ಅನಿತಾ ಹುಟ್ಟಿದಮೇಲೆ ನೋಡಿರಲಿಲ್ಲ. ಹೆಗಲ ಮೇಲಿನ ಟವೆಲು ಬಿತ್ತು. ಕೂಲಿಂಗ್ ಗ್ಲಾಸು ಬಿತ್ತು. ತಾತ ಅದನ್ನು ತುಳಿದುಕೊಂಡೇ ಬಂದ. ಅವನ ಕಣ್ಣು ಕಂಡದ್ದೇ ಅನಿತಾಳ ಸಿಟ್ಟೆಲ್ಲ ಇಳಿದುಹೋಯಿತು. ಅವಳು ಕಾಲು ಕೀಳುವಷ್ಟರಲ್ಲಿ ತಾತ ಅವಳನ್ನು ಜೋರಾಗಿ ತಳ್ಳಿದ.

ಅವಳು ಹೋಗಿ ಪಕ್ಕದ ಮರದ ಪಾತಿಗೆ ಬಿದ್ದಳು. ಹರಳುಗಳೆಲ್ಲ ಚೆಲ್ಲಾಡಿದವು. ಹಿಂದೆಯೇ ಧಡ್ ಧಡ್ ಎಂದು ಗೊನೆ ಬಿತ್ತು. ತಿರುಗಿ ನೋಡಿದರೆ ತಾತ ನೆಲದ ಮೇಲೆ ಕೂತಿದ್ದ. ಒಂದು ಕೈ ಇನ್ನೊಂದು ಹೆಗಲನ್ನು ಹಿಡಿದುಕೊಂಡಿತ್ತು.

“ನಿಂಗೇನೂ ಆಗ್ಲಿಲ್ವಾ ಮಗ?” ಎಂದ. ಅಷ್ಟು ಸಣ್ಣ ದನಿ ತಾತನಿಗೆ ಇದೆ ಎಂದು ಯಾರಿಗೂ ಗೊತ್ತಿರಲಿಲ್ಲ.

ಟೋಪಿಯವನು ಓಡಿ ಬಂದ. ಅವನ ಮುಖ ಬಿಳಿಚಿಕೊಂಡಿತ್ತು. ಫೋನು ಹಿಡಿದವನು ಮಾತ್ರ ಇನ್ನೂ ಹಿಡಿದೇ ನಿಂತಿದ್ದ. ಕೆಳಗಿಳಿಸಬೇಕು ಎನ್ನುವುದೇ ಅವನಿಗೆ ಮರೆತಂತಿತ್ತು.

ಬೆಟ್ಟಸ್ವಾಮಿ ಜಾರಿಕೊಂಡು ಇಳಿದು ಬಂದ. “ಅಣ್ಣೋ, ನೀನೇ ‘ಬುಡು’ ಅಂದ್ಯಲ್ಲಣ್ಣ! ನಿನ್ ದನಿನೇ ಕೇಳಿಸ್ತಲ್ಲಣ್ಣ!” ಎಂದು ಅತ್ತೇಬಿಟ್ಟ.

“ನಾನಲ್ಲ ಕಣ್ಲಾ,” ಎಂದ ತಾತ. “ಆದ್ರೂ ತಪ್ಪು ನಂದೇ ಅನ್ನು,” ಎಂದ.

ಅದೇ ಕಾರಿನಲ್ಲಿ ತಿಪಟೂರಿನ ಆಸ್ಪತ್ರೆಗೆ ಹೋದರು. ಹೆಗಲ ಮೂಳೆ ಮುರಿದಿತ್ತು. ಕೈಯನ್ನು ಕೊರಳಿಗೆ ಕಟ್ಟಿ ಕಳಿಸಿದರು.

ಆ ವಿಡಿಯೋವನ್ನು ಯಾರು ಹಾಕಿದರೋ, ಬುಧವಾರದ ಹೊತ್ತಿಗೆ ಊರೂರು ಸುತ್ತಿತ್ತು. ಹಳೆಯ ವಿಡಿಯೋಗಳನ್ನೆಲ್ಲ ಸೇರಿಸಿದರೂ ಇಷ್ಟು ಜನ ನೋಡಿರಲಿಲ್ಲ. ತಾತ ಬೀಳುವ ಜಾಗದಲ್ಲಿ ನಿಧಾನ ಮಾಡಿ ಒಂದು ತಮಾಷೆಯ ಸಂಗೀತ ಹಾಕಿದ್ದರು.

ಚಿಕ್ಕಪ್ಪ ಜಗಲಿಯಲ್ಲಿ ಕೂತು ಕೆಳಗಿದ್ದ ಕಾಮೆಂಟುಗಳನ್ನು ಓದಿ ಹಲ್ಲು ಕಡಿಯುತ್ತಿದ್ದ. ಅನಿತಾ ಅವನ ಭುಜದ ಮೇಲಿಂದ ಇಣುಕಿದಳು.

‘ತಾತನ ಆಕ್ಟಿಂಗ್ ಸೂಪರ್.’ ‘ಮೊಮ್ಮಗಳು ಓವರ್ ಆಕ್ಟಿಂಗ್.’ ‘ಎಲ್ಲಾ ಮೊದಲೇ ಪ್ಲಾನ್ ಮಾಡಿದ್ದು ಗುರು, ನಂಬಬೇಡಿ.’

“ನಿಜ್ವಾಗ್ಲೂ ಮೂಳೆ ಮುರಿದೈತೆ ಅಂತ ಬರೆದ್ರೂ ನಗ್ತಾವ್ರಲ್ಲ ಇವ್ರು!” ಚಿಕ್ಕಪ್ಪನ ದನಿ ಒಡೆದಿತ್ತು. “ಹೆಂಗೆ ನಂಬ್ಸೋದು ಇವ್ರನ್ನ?”

ಅನಿತಾಗೂ ಅವರ ಮೇಲೆ ಕೋಪ ಮಾಡಿಕೊಳ್ಳಬೇಕು ಎನಿಸಿತು. ಕೋಪ ಬರಲಿಲ್ಲ. ಅವರೆಲ್ಲ ಎಲ್ಲೋ ದೂರದವರು, ತಾತನನ್ನು ಕಂಡವರಲ್ಲ. ತಾತನ ತೊಡೆಯ ಮೇಲೆ ಬೆಳೆದ ಅವಳೇ ಮರದ ಕೆಳಗೆ ನಿಂತು ಇದೆಲ್ಲ ನಾಟಕ ಎಂದುಕೊಂಡಿದ್ದಳಲ್ಲ.

ಅವತ್ತು ಸಂಜೆ ವರ್ಷಿಣಿ ಬಂದಳು. ಕೈಯಲ್ಲಿ ಹರಳಿನ ಬುಟ್ಟಿಯಿತ್ತು. ಅನಿತಾ ಚೆಲ್ಲಿದ್ದನ್ನೂ ಆರಿಸಿ ತಂದಿದ್ದಳು.

“ನೀನಲ್ಲ ಅಂತ ಗೊತ್ತಾಯ್ತು ಕಣೇ. ಸಾರಿ,” ಎಂದಳು ಅನಿತಾ.

“ಮತ್ತೆ ಯಾರು?”

ಅನಿತಾ ಜಗಲಿಯ ಮೂಲೆ ನೋಡಿದಳು. ತಾತ ಗೋಡೆಗೊರಗಿ ಕಣ್ಣು ಮುಚ್ಚಿದ್ದ. “ಯಾರೂ ಅಲ್ಲ ಬುಡು,” ಎಂದಳು. ಆಮೇಲೆ ಇಬ್ಬರೂ ಕೂತು ಗಾಡಿ ಮಾಡಿದರು.

ಅವತ್ತಿನಿಂದ ತಾತ ಬೈಯುವುದನ್ನೇ ಬಿಟ್ಟ. ಹಸು ಹಾಲಿನ ಚೆಂಬಿಗೆ ಒದ್ದರೂ ಸುಮ್ಮನಿದ್ದ. ಚಿಕ್ಕಪ್ಪ ತಡವಾಗಿ ಬಂದರೂ ಸುಮ್ಮನಿದ್ದ. ಮನೆ ಭಣಭಣ ಎನ್ನುತ್ತಿತ್ತು. “ಬಾಯಿ ಜೋರು ಅಂತ ಇಷ್ಟು ವರ್ಷ ಬೈಕೊಂಡೆ. ಈಗ ಜೋರಾಗಿ ಒಂದ್ ಮಾತಾಡಪ್ಪ ಅನ್ನೋ ಹಂಗಾಯ್ತಲ್ಲ,” ಎಂದು ಅಜ್ಜಿ ಒಲೆಯ ಮುಂದೆ ಕೂತು ಕಣ್ಣೊರೆಸಿಕೊಂಡಳು.

ಮುಂದಿನ ಸಲ ಕಾಯಿ ಕೆಡವಲು ಬಂದಾಗ ಬೆಟ್ಟಸ್ವಾಮಿ ಒಂದು ಹಳೆಯ ಎಣ್ಣೆ ಡಬ್ಬ ತಂದ. ಹೇಳುವುದಕ್ಕೆ ಅವನಿಗೂ ಕಷ್ಟವಾಗುತ್ತಿತ್ತು.

“ತಪ್ಪು ತಿಳ್ಕಬ್ಯಾಡ ಅಣ್ಣ. ಈಗ ‘ಬುಡು’ ಅಂತ ಯಾರ್ ಬೇಕಾದ್ರೂ ನಿನ್ ಥರನೇ ಅಂತಾರೆ. ಮೇಲೆ ಕುಂತೋನಿಗೆ ಹೆಂಗ್ ಗೊತ್ತಾಯ್ತದೆ? ಕೆಳಗೆ ಯಾರೂ ಇಲ್ದಾಗ ಈ ಡಬ್ಬ ಬಡಿ, ಸಾಕು.”

ತಾತ ಡಬ್ಬ ತೆಗೆದುಕೊಂಡ. ಮರಗಳಿಂದ ದೂರ ಒಂದು ಕಲ್ಲಿನ ಮೇಲೆ ಕೂತ. ಬೆಟ್ಟಸ್ವಾಮಿ “ಬುಡ್ಲಾ?” ಎಂದಾಗಲೆಲ್ಲ ಎಡಗೈಯಲ್ಲಿ ಕೋಲು ಹಿಡಿದು ಡಬ್ಬ ಬಡಿದ. ಆ ಡಣಡಣ ಸದ್ದು ಅನಿತಾಗೆ ಒಂದಿಷ್ಟೂ ಹಿಡಿಸಲಿಲ್ಲ.

ಸ್ವಲ್ಪ ಹೊತ್ತಿಗೆ ಗೇಟಿನ ಹತ್ತಿರ ಒಂದು ಬೈಕ್ ನಿಂತಿತು. ಈ ಸಲ ಯಾರೂ ಕರೆದಿರಲಿಲ್ಲ, ಹೋಗುತ್ತಾ ಡಬ್ಬದ ಸದ್ದು ಕೇಳಿ ನಿಂತವರು.

“ನೀವೇ ಅಲ್ವಾ ತಾತ? ಒಂದ್ಸಲ ಬೈಯ್ರಿ, ಪ್ಲೀಸ್!”

“ಬಿಸ್ಲಲ್ಲಿ ಬಂದಿದೀರಾ. ಮಜ್ಜಿಗೆ ಕುಡೀತೀರಾ?” ಎಂದ ತಾತ.

ಅವರು ಮಜ್ಜಿಗೆ ಕುಡಿದರು. ಫೋನು ಹಿಡಿದು ಸ್ವಲ್ಪ ಹೊತ್ತು ಕಾದರು. “ಮೊದ್ಲಿನ ಫೈರ್ ಇಲ್ಲ ಗುರು ಇವ್ರಲ್ಲಿ,” ಎಂದು ಒಬ್ಬ ಇನ್ನೊಬ್ಬನ ಕಿವಿಯಲ್ಲಿ ಹೇಳಿದ್ದು ಎಲ್ಲರಿಗೂ ಕೇಳಿಸಿತು. ಬೈಕು ಹೊರಟುಹೋಯಿತು.

ಅನಿತಾ ತಾತನಿಗೆ ಚೆಂಬಿನಲ್ಲಿ ನೀರು ತರುತ್ತಿದ್ದಳು. ಮರದ ಸಾಲಿನ ನಡುವೆ ಬಂದರೆ ಹತ್ತಿರದ ದಾರಿ.

“ಅನಿ, ಆ ಕಡೆಯಿಂದ ಬ್ಯಾಡ ಮಗ.”

ತಾತ ಜೋರಾಗಿಯೇನೂ ಹೇಳಲಿಲ್ಲ. ಮಾತು ಮುಗಿಯುವ ಮೊದಲೇ ಅನಿತಾ ಪಕ್ಕಕ್ಕೆ ಹಾರಿದ್ದಳು. ಚೆಂಬಿನ ಅರ್ಧ ನೀರು ಲಂಗದ ಮೇಲೆ ಚೆಲ್ಲಿತು. ಬೇಲಿಯ ಅಂಚನ್ನು ಹಿಡಿದು, ಸುತ್ತಿ ಬಳಸಿ, ತಾತನ ಹತ್ತಿರ ಬಂದು ನಿಂತಳು.

ತಾತ ಉಳಿದ ನೀರು ಕುಡಿದ. ಚೆಂಬು ಕೆಳಗಿಟ್ಟು ಅವಳ ಮುಖ ನೋಡಿದ.

“ಈ ಸಲ ಸುತ್ತ ನೋಡ್ಲಿಲ್ವಲ್ಲ ನೀನು.”

“ಏನ್ ತಾತ?”

“ಅವತ್ತು ನೋಡ್ದಲ್ಲ, ಫೋನ್ ಎಲ್ಲೈತೆ ಅಂತ.”

ಅಷ್ಟು ಗಾಬರಿಯಲ್ಲಿ, ಅಷ್ಟು ದೂರದಿಂದ, ತಾತ ಅದನ್ನು ನೋಡಿಬಿಟ್ಟಿದ್ದ. ಇಷ್ಟು ದಿನ ಅದನ್ನೇ ಒಳಗಿಟ್ಟುಕೊಂಡು ಸುಮ್ಮನೆ ಕೂತಿದ್ದ. ಅವಳು ಹೋಗಿ ತಾತನ ಪಕ್ಕ ಅದೇ ಕಲ್ಲಿನ ಮೇಲೆ ಒತ್ತಿಕೊಂಡು ಕೂತಳು.

“ಬುಡ್ಲಾ ಅಣ್ಣೋ?” ಮೇಲಿನಿಂದ ಬೆಟ್ಟಸ್ವಾಮಿ ಕೂಗಿದ.

ತಾತ ಕೋಲಿಗೆ ಕೈ ಹಾಕಿದ. ಅನಿತಾ ಮರದ ಕೆಳಗೆ ನೋಡಿದಳು. ಸಾಲಿನ ಆ ತುದಿ ಈ ತುದಿ ನೋಡಿದಳು. ವರ್ಷಿಣಿ ಎಲ್ಲಿದ್ದಾಳೆ ಎಂದು ನೋಡಿದಳು. ಅವಳು ಬೇಲಿಯ ಆಚೆಗಿದ್ದಳು. ಆಮೇಲೆ ಡಬ್ಬವನ್ನು ಮೆಲ್ಲಗೆ ಈಚೆಗೆ ಎಳೆದುಕೊಂಡಳು.

“ನೀನೇ ಹೇಳು ತಾತ.”

ತಾತ ಅವಳನ್ನೊಮ್ಮೆ, ಮರವನ್ನೊಮ್ಮೆ ನೋಡಿದ. ಗಂಟಲು ಸರಿಮಾಡಿಕೊಂಡ. “ಬುಡೂ!”

ಕುಡುಗೋಲಿನ ಸದ್ದು ಬರಲಿಲ್ಲ. ಗರಿಗಳ ನಡುವಿನಿಂದ ಅನುಮಾನದ ದನಿ ಬಂತು. “ಯಾರದು ಅಂದಿದ್ದು?”

ತಾತ ಬಾಯಿ ತೆರೆದ. ತಾನು ತಾನೇ ಎಂದು ಹೇಳುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ.

ಅನಿತಾ ಎದ್ದು ನಿಂತು, ಎರಡೂ ಕೈಗಳನ್ನು ಬಾಯಿಗೆ ಅಡ್ಡ ಹಿಡಿದು, ಇದ್ದಬದ್ದ ಗಂಟಲನ್ನೆಲ್ಲ ಸೇರಿಸಿ ಕೂಗಿದಳು.

“ತಾತಾನೇ ಕಣಣ್ಣಾ! ನಾನ್ ಪಕ್ಕದಲ್ಲೇ ಇದೀನಿ!”

ಕಚ್ ಕಚ್ ಎಂದಿತು ಕುಡುಗೋಲು. ಗೊನೆ ಧಡ್ಡೆಂದು ನೆಲಕ್ಕೆ ಬಿತ್ತು. ಒಂದು ಕಾಯಿ ಉರುಳಿಕೊಂಡು ಬಂದು ಅವರ ಕಾಲ ಹತ್ತಿರ ನಿಂತಿತು. ತಾತ ಟವೆಲಿನ ತುದಿಯಿಂದ ಕಣ್ಣು ಒರೆಸಿಕೊಂಡ.

“ಏನ್ಲೇ ಎಳನೀರು ಬುರುಡೆ, ಲಂಗ ಎಲ್ಲಾ ನೆನೆಸ್ಕೊಂಡಿದೀಯಲ್ಲೇ, ಶೀತ ಆಗಾಕಿಲ್ವಾ?” ಎಂದು ಬೈದ.

ಅನಿತಾ ಎಲ್ಲೂ ನೋಡಲಿಲ್ಲ. ಲಂಗ ಹಿಂಡಿಕೊಂಡಳು.